ವಾಪಸ್ ಬಂದ ಬೇಸ್ ಗಿಟಾರ್: ಮಾರುವವರಿಗೆ ಒಂದು ಎಚ್ಚರಿಕೆ

ಬಳಸಿದ ವಾದ್ಯ ಮಾರಲು ಹೊರಟವರಿಗೆ ಸಿಗುವ ಬುದ್ಧಿಮಾತೆಲ್ಲ ಹಣದ ಬಗ್ಗೆ. ಕ್ಯೂಆರ್ ಕೋಡ್ ಕಳಿಸಿ ಸ್ಕ್ಯಾನ್ ಮಾಡಿದರೆ ಹಣ ಬರುತ್ತದೆ ಎನ್ನುವವರು, ಸೇನೆಯ ಗುರುತಿನ ಚೀಟಿ ತೋರಿಸಿ ನಂಬಿಸುವವರು, ನಕಲಿ ಸ್ಕ್ರೀನ್‌ಶಾಟ್ ಕಳಿಸಿ ಅವಸರ ಮಾಡುವವರು. ಹಣ ಪಡೆಯಲು ಯುಪಿಐ ಪಿನ್ ಬೇಕಾಗಿಲ್ಲ ಎಂಬುದು ನೆನಪಿದ್ದರೆ, ಬ್ಯಾಂಕಿನ ಖಾತೆಯನ್ನು ನೀವೇ ತೆರೆದು ನೋಡುವ ಅಭ್ಯಾಸವಿದ್ದರೆ, ಇವರಲ್ಲಿ ಹೆಚ್ಚಿನವರು ಬಾಗಿಲಲ್ಲೇ ಉಳಿಯುತ್ತಾರೆ. ನನಗಾದ ಮೋಸ ಈ ಜಾತಿಯದಲ್ಲ. ಹಣ ಪೂರ್ತಿ ಬಂತು, ಹೇಳಿದ ದಿನವೇ ಬಂತು. ಮೋಸ ನಡೆದದ್ದು ವಾದ್ಯ ಹಿಂತಿರುಗುವಾಗ.

ನಾನು ಮಾರಿದ್ದು ಫೆಂಡರ್ ಕಂಪನಿಯ ಅಮೆರಿಕನ್ ವಿಂಟೇಜ್ ಸರಣಿಯ '62 ಜಾಝ್ ಬೇಸ್, ಅಂದರೆ 1962ರ ಮಾದರಿಯ ಬೇಸ್ ಗಿಟಾರ್. ಜಾಝ್ ಬೇಸ್ ಮೊದಲು ಮಾರುಕಟ್ಟೆಗೆ ಬಂದದ್ದು 1960ರಲ್ಲಿ. ಆ ಕಾಲದ ಅಳತೆ ಮತ್ತು ಸಾಮಗ್ರಿಗಳನ್ನು ಅನುಸರಿಸಿ 1980ರ ದಶಕದಿಂದ ಮತ್ತೆ ತಯಾರಿಸಿದ ಮಾದರಿ ಇದು: ಆಲ್ಡರ್ ಮರದ ಮೈ, ರೋಸ್‌ವುಡ್ ಫಿಂಗರ್‌ಬೋರ್ಡ್, ಒಳಗೆ ಬಟ್ಟೆ ಹೊದಿಸಿದ ವೈರುಗಳು. ಇಂಥ ವಾದ್ಯದ ಬೆಲೆ ನಿಂತಿರುವುದೇ ಮೂಲ ಭಾಗಗಳೆಲ್ಲ ಹಾಗೆಯೇ ಇವೆ ಎಂಬ ಭರವಸೆಯ ಮೇಲೆ.

ಬೆಂಗಳೂರಿನಲ್ಲಿ ವಿಚಾರಿಸಿದವರೆಲ್ಲ ಅರ್ಧ ಬೆಲೆಗೆ ಕೇಳಿದರು. ಕೊನೆಗೆ ಮುಂಬೈಯ ಒಬ್ಬರು ಒಪ್ಪಿದರು. ತಿಳಿದವರ ಹಾಗೆ ಮಾತಾಡುತ್ತಿದ್ದರು. ಬೆರಳಿಡುವ ಪಟ್ಟಿಯ ಮೇಲಿನ ಲೋಹದ ಅಡ್ಡಗೆರೆ, ಅಂದರೆ ಫ್ರೆಟ್, ಎಷ್ಟು ಸವೆದಿದೆ, ವಾದ್ಯದ ಕತ್ತಿನ, ಅಂದರೆ ನೆಕ್ಕಿನ, ಬಾಗು ಸರಿಪಡಿಸುವ ಒಳಗಿನ ಸರಳು ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ, ಬೆಸುಗೆಯನ್ನು ಯಾರಾದರೂ ಮುಟ್ಟಿದ್ದಾರೆಯೇ ಎಂದೆಲ್ಲ ಕೇಳಿದರು. ಇಷ್ಟು ಬಲ್ಲವರ ಕೈಗೆ ಹೋಗುತ್ತಿದೆಯಲ್ಲ ಎಂದು ನನಗೆ ಸಂತೋಷವೇ ಆಗಿತ್ತು. ಆ ಕೊನೆಯ ಪ್ರಶ್ನೆಯ ಉದ್ದೇಶ ಆಮೇಲೆ ತಿಳಿಯಿತು.

ಪಾರ್ಸೆಲ್ ತಲುಪಿದ ಮರುದಿನವೇ ಫೋನ್. ನೆಕ್ ಬಾಗಿದೆ, ತಂತಿ ಫ್ರೆಟ್‌ಗೆ ತಾಗಿ ಕರಕರ ಎನ್ನುತ್ತಿದೆ, ಇದು ನನಗೆ ಬೇಡ, ಹಣ ವಾಪಸ್ ಕೊಡಿ. ಬಲ್ಲವರಿಗೆ ಇದೊಂದು ದೂರೇ ಅಲ್ಲ. ನಾಲ್ಕು ತಂತಿಗಳು ಸೇರಿ ಎಪ್ಪತ್ತು, ಎಂಬತ್ತು ಕಿಲೋ ತೂಕದಷ್ಟು ಬಲದಿಂದ ನೆಕ್ಕನ್ನು ಎಳೆಯುತ್ತಿರುತ್ತವೆ. ಬೆಂಗಳೂರಿನ ಒಣ ಹವೆಯಿಂದ ಕಡಲತೀರದ ತೇವಕ್ಕೆ ಹೋದ ಮರ ಸ್ವಲ್ಪ ಅಲುಗುವುದು ಸಹಜ. ಟ್ರಸ್ ರಾಡನ್ನು ಕಾಲು ಸುತ್ತು ತಿರುಗಿಸಿದರೆ ಸರಿಹೋಗುವ ಕೆಲಸ. ಹಾಗೆಂದು ಹೇಳಿದೆ. ಅವರು ಕೇಳಲಿಲ್ಲ; ಹಾಳಾದ ಮಾಲು ಮಾರಿದ್ದೀರಿ, ಪೊಲೀಸರಿಗೆ ದೂರು ಕೊಡುತ್ತೇನೆ ಎಂದರು. ಸರಿ, ಕಳಿಸಿ, ನೋಡಿ ಹಣ ಕೊಡುತ್ತೇನೆ ಎಂದೆ.

ಬಂತು. ಬೆಲ್ಟ್ ಸಿಕ್ಕಿಸುವ ಗುಂಡಿಯ ಬಳಿ ಇದ್ದ ಗೀರು ಅದೇ, ಕ್ರಮಸಂಖ್ಯೆ ಅದೇ, ನೆಕ್ ನೆಟ್ಟಗಿತ್ತು. ಹಣ ವಾಪಸ್ ಹೋಯಿತು. ಆ ವಾರಾಂತ್ಯ ತಾಲೀಮಿಗೆ ಒಯ್ದು ಆಂಪ್‌ಗೆ ಜೋಡಿಸಿದಾಗ ಹಮ್ ಎಂಬ ಗುಂಯ್ಗುಟ್ಟುವಿಕೆ. ಎರಡೂ ವಾಲ್ಯೂಮ್‌ಗಳನ್ನು ಪೂರ್ತಿ ಏರಿಸಿದರೂ ಹೋಗಲಿಲ್ಲ.

ಜಾಝ್ ಬೇಸ್ ನುಡಿಸುವವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಅದರ ಎರಡು ಪಿಕಪ್‌ಗಳ ಸುರುಳಿಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸುತ್ತಿರುತ್ತಾರೆ, ಅಯಸ್ಕಾಂತದ ಧ್ರುವಗಳನ್ನೂ ತಿರುಗಿಸಿಟ್ಟಿರುತ್ತಾರೆ. ಎರಡನ್ನೂ ಸಮನಾಗಿ ತೆರೆದರೆ ಒಂದರ ಹಮ್ ಇನ್ನೊಂದರದನ್ನು ಅಳಿಸುತ್ತದೆ. ಅಳಿಸದಿದ್ದರೆ ಆ ಜೋಡಿ ಜೋಡಿಯೇ ಅಲ್ಲ. ರಿಪೇರಿ ಮಾಡುವವರ ಬಳಿ ಒಯ್ದೆ. ಅವರು ಸ್ಕ್ರೂ ಡ್ರೈವರ್ ಎತ್ತುವ ಮೊದಲೇ, ತಂತಿಗಳು ಕೆಳತುದಿಯಲ್ಲಿ ಕೂರುವ ಬ್ರಿಡ್ಜ್ ಪಕ್ಕದ ಪಿಕಪ್ ತೋರಿಸಿದರು. ಮೂಲದಲ್ಲಿ ಅದು ನೆಕ್ ಕಡೆಯದಕ್ಕಿಂತ ಎರಡು ಮಿಲಿಮೀಟರಿಗೂ ಸ್ವಲ್ಪ ಹೆಚ್ಚು ಉದ್ದ. ಇಲ್ಲಿ ಎರಡೂ ಒಂದೇ ಅಳತೆ, ಗುಳಿಯ ಎರಡೂ ತುದಿಗಳಲ್ಲಿ ಸಣ್ಣ ಸಂದು. ಬಿಚ್ಚಿದರೆ ಒಳಗೆ ಪ್ಲಾಸ್ಟಿಕ್ ವೈರು, ಹೊಸ ಬೆಸುಗೆಯ ಮಿರುಗು, ಯಾವುದೋ ಅಗ್ಗದ ಬೇಸಿನಿಂದ ಕಿತ್ತ ಪಾಟ್‌ಗಳು, ಅಂದರೆ ವಾಲ್ಯೂಮ್ ಗುಂಡಿಗಳ ಕೆಳಗಿನ ನಿಯಂತ್ರಕಗಳು. ಪಿಕಪ್‌ಗಳು ಎರಡೂ ನೆಕ್ ಕಡೆಯವೇ. ಸರಿಯಾದ ಜೋಡಿ ಹುಡುಕುವಷ್ಟು ಕಷ್ಟವನ್ನೂ ಪುಣ್ಯಾತ್ಮ ತೆಗೆದುಕೊಂಡಿರಲಿಲ್ಲ.

ಈಗ ಆ ಕ್ರಮಸಂಖ್ಯೆಯ ಮಾತು. ನನ್ನ ಮಾದರಿಯಲ್ಲಿ ಅದು ಕೆತ್ತಿರುವುದು ನೆಕ್ ಮತ್ತು ಮೈ ಸೇರುವಲ್ಲಿ, ಹಿಂಬದಿಯ ಒಂದು ಲೋಹದ ಫಲಕದ ಮೇಲೆ. ಆ ಫಲಕವನ್ನು ಹಿಡಿದಿರುವುದು ನಾಲ್ಕು ಸ್ಕ್ರೂಗಳು; ಅವನ್ನು ಬಿಚ್ಚಿದರೆ ನೆಕ್ಕೂ ಕೈಗೆ ಬರುತ್ತದೆ, ಫಲಕವೂ ಬರುತ್ತದೆ. ಹಲಸಿನ ಒಂದೇ ದಿಮ್ಮಿಯಲ್ಲಿ ಕೊರೆದ ಏಕಾಂಡ ವೀಣೆಯನ್ನು ಹೀಗೆ ತುಂಡು ತುಂಡಾಗಿ ಕದಿಯಲಾಗದು. ಲಿಯೋ ಫೆಂಡರ್ ಗಿಟಾರ್ ತಯಾರಿಕೆಗೆ ಇಳಿಯುವ ಮೊದಲು ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ನಡೆಸುತ್ತಿದ್ದವರು. ಕೆಟ್ಟ ಭಾಗವನ್ನು ಸುಲಭವಾಗಿ ತೆಗೆದು ಬೇರೆಯದನ್ನು ಕೂರಿಸಬೇಕು ಎಂಬ ರಿಪೇರಿಯವರ ಬುದ್ಧಿ ಅವರ ವಾದ್ಯದ ತುಂಬ ಇದೆ. ಒಳ್ಳೆಯ ಬುದ್ಧಿಯೇ. ಆದರೆ ಕಳ್ಳನಿಗೂ ಅದೇ ಅನುಕೂಲ. ನೀವು ಮಾರುತ್ತಿರುವುದು ಒಂದು ವಸ್ತುವಲ್ಲ, ಬಿಡಿಭಾಗಗಳ ಒಂದು ಕಟ್ಟು. ಕ್ರಮಸಂಖ್ಯೆ ಗುರುತಿಸುವುದು ಅವುಗಳಲ್ಲಿ ಒಂದನ್ನು ಮಾತ್ರ.

ಕೊಂಡವರಿಗೆ ಫೋನ್ ಮಾಡಿದೆ. ನೀವು ಕಳಿಸಿದಾಗಲೇ ಹಾಗಿತ್ತು ಎಂದರು, ಆಮೇಲೆ ಫೋನ್ ಎತ್ತಲಿಲ್ಲ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿದರೆ, ನೀವಾಗಿಯೇ ಹಣ ಮರಳಿಸಿದ್ದೀರಲ್ಲ ಎಂಬ ಉತ್ತರ. ಠಾಣೆಯಲ್ಲಿ ಇದು ಸಿವಿಲ್ ವ್ಯಾಜ್ಯ ಎಂದರು. ಪರಿಚಯದ ವಕೀಲರೊಬ್ಬರು ಸರಕು ಮಾರಾಟ ಕಾಯ್ದೆಯನ್ನು ತೆಗೆದು ಓದಿದರು. ಅದರ ವರ್ಷವೂ 1930. ಆ ಸಂಖ್ಯೆಗೂ ನನಗೂ ಆಗಿಬರುವುದಿಲ್ಲ. ಒಳಭಾಗ ಮೊದಲು ಹೇಗಿತ್ತು ಎಂಬುದಕ್ಕೆ ಪುರಾವೆ ಇದೆಯೇ ಎಂದು ಮೂವರೂ ಕೇಳಿದರು. ಹೊರಗಿನ ಚಿತ್ರಗಳು ಬೇಕಾದಷ್ಟಿದ್ದವು, ಗುಂಡಿಗಳು ಕೂತಿರುವ ಕಂಟ್ರೋಲ್ ಪ್ಲೇಟ್ ಕೆಳಗಿನದು ಒಂದೂ ಇರಲಿಲ್ಲ. ಮಾರುವವರು ಯಾರೂ ಅದನ್ನು ತೆಗೆಯುವುದಿಲ್ಲ, ಕೊಳ್ಳುವವರೂ ಕೇಳುವುದು ಅಪರೂಪ. ಈ ಆಟ ನಡೆಯುವುದು ಆ ಸಂದಿನಲ್ಲೇ.

ಆದ್ದರಿಂದ ದುಬಾರಿ ಬೇಸ್ ಮಾರುವ ಮುನ್ನ ಒಮ್ಮೆ ಬಿಚ್ಚಿಸಿ. ಕೈಯಲ್ಲಿ ಅಭ್ಯಾಸವಿಲ್ಲದಿದ್ದರೆ ರಿಪೇರಿಯವರಿಂದಲೇ ಮಾಡಿಸಿ, ಅವರ ಕೂಲಿ ದೊಡ್ಡದಲ್ಲ. ಪಾಟ್‌ಗಳ ಬೆನ್ನ ಮೇಲೆ ಒತ್ತಿರುವ ಅಂಕಿಗಳು ಓದುವಂತೆ ಚಿತ್ರ ತೆಗೆಯಿರಿ. ಸಿಟಿಎಸ್ ತಯಾರಿಕೆಯ ಹಳೆಯ ಪಾಟ್‌ಗಳಲ್ಲಿ 137 ಎಂಬ ಸಂಖ್ಯೆಯ ನಂತರ ತಯಾರಾದ ವರ್ಷ ಮತ್ತು ವಾರ ಇರುತ್ತವೆ. ಬೆಸುಗೆಯ ಬಿಂದುಗಳನ್ನೂ ಪಿಕಪ್‌ಗಳ ತಳವನ್ನೂ ಬಿಡಬೇಡಿ. ಮಲ್ಟಿಮೀಟರ್ ಇಟ್ಟು ಎರಡೂ ಪಿಕಪ್‌ಗಳ ರೋಧ ಅಳೆದು ಬರೆದಿಡಿ. ಈ ಬಗೆಯವು ಸಾಮಾನ್ಯವಾಗಿ ಏಳರಿಂದ ಎಂಟು ಕಿಲೋ ಓಮ್ ತೋರಿಸುತ್ತವೆ. ನೆಕ್ಕನ್ನು ಮಾತ್ರ ಇದಕ್ಕಾಗಿ ಬಿಚ್ಚಲು ಹೋಗಬೇಡಿ. ಆ ಸ್ಕ್ರೂಗಳು ಕಚ್ಚಿರುವುದು ಬರಿಯ ಮರವನ್ನು, ಪದೇಪದೇ ತೆಗೆದರೆ ಹಿಡಿತ ಸಡಿಲವಾಗುತ್ತದೆ.

ಮುಚ್ಚಿದ ಮೇಲೆ ಕಂಟ್ರೋಲ್ ಪ್ಲೇಟಿನ ಒಂದು ಸ್ಕ್ರೂ ಮೇಲೆ ಸಹಿ ಮಾಡಿದ ಚಿಕ್ಕ ಕಾಗದ ಅಂಟಿಸಿ. ಸುಲಭವಾಗಿ ಏಳುವ ಅಂಟೇ ಇರಲಿ, ಹಳೆಯ ಲ್ಯಾಕರ್‌ಗೆ ಅಂಟಿದ ಟೇಪು ಬಣ್ಣವನ್ನೂ ಕಿತ್ತು ತರುತ್ತದೆ. ಆ ಕಾಗದ ಹರಿದಿದ್ದರೆ ವಾಪಸ್ ಇಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರೆದು, ಕೊಳ್ಳುವವರಿಂದ ಒಪ್ಪಿಗೆ ಎಂಬ ಉತ್ತರ ಬಂದ ಮೇಲೆಯೇ ಖಾತೆ ಸಂಖ್ಯೆ ಕೊಡಿ. ವಾದ್ಯ ಹಿಂತಿರುಗಿದರೆ ಪೆಟ್ಟಿಗೆ ತೆರೆಯುವುದರಿಂದ ಪ್ಲೇಟ್ ಬಿಚ್ಚುವವರೆಗೆ ನಿಲ್ಲಿಸದೆ ವಿಡಿಯೋ ಮಾಡಿ. ಕಿವಿಗೆ ಕೆಲಸ ಕೊಡಿ: ಆಂಪ್‌ಗೆ ಜೋಡಿಸಿ, ಎರಡೂ ವಾಲ್ಯೂಮ್ ತೆರೆದು ಹಮ್ ಅಡಗುತ್ತದೆಯೇ ನೋಡಿ. ಹಣದ ಮಾತು ಅದಾದ ಮೇಲೆ. ಇದಕ್ಕಿಂತ ಒಳ್ಳೆಯದು ಕೊಳ್ಳುವವರನ್ನು ರಿಪೇರಿಯವರ ಮೇಜಿನ ಬಳಿಗೇ ಕರೆದು, ಅಲ್ಲೇ ತೆರೆದು ತೋರಿಸಿ, ಅಲ್ಲೇ ಕೈ ಬದಲಿಸುವುದು. ಬೆಲೆ ಸ್ವಲ್ಪ ಇಳಿದರೂ ನಾನು ಇನ್ನು ಮುಂದೆ ಮಾರುವುದು ಹಾಗೆಯೇ.

ಬಟ್ಟೆ ವೈರಿನ '62 ಜಾಝ್ ಬೇಸ್ ಪಿಕಪ್ ಜೋಡಿಯೊಂದನ್ನು ಪಾಟ್‌ಗಳ ಸಮೇತ, ಬೇಸ್ ಇಲ್ಲದೆ ಬಿಡಿಯಾಗಿ ಯಾರಾದರೂ ನಿಮಗೆ ಮಾರಲು ಬಂದರೆ, ಅವು ಯಾವ ವಾದ್ಯದಿಂದ ಬಂದವು ಎಂದು ಕೇಳಿ, ಆ ವಾದ್ಯವನ್ನು ತೋರಿಸಲು ಹೇಳಿ.