ಟ್ರೇನಿಂಗ್ ಚೆನ್ನಾಗಿದೆ, ಪರೀಕ್ಷೆ ತಾರೀಖು ಮಾತ್ರ ಕೇಳಬೇಡಿ

ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಜನರಲ್ ಡ್ಯೂಟಿ ಅಸಿಸ್ಟೆಂಟ್ (ಆಸ್ಪತ್ರೆಯಲ್ಲಿ ರೋಗಿಗಳ ಆರೈಕೆಗೆ ನೆರವಾಗುವ ಸಹಾಯಕರು) ಕೋರ್ಸ್ ಸೇರುವ ಯೋಚನೆ ಇರುವ ನಮ್ಮ ಕನ್ನಡದ ಹುಡುಗ ಹುಡುಗಿಯರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಸೆಂಟರಿನ ಹೆಸರು ಹಾಕಿಲ್ಲ. ಸರ್ಟಿಫಿಕೇಟ್ ಇನ್ನೂ ಅವರ ಕೈಯಿಂದಲೇ ಬರಬೇಕಲ್ವಾ! ಕಲಿಸುವುದಕ್ಕೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಆಫೀಸಿಗೆ ಒಂದು, ಅದೂ ಅಲ್ಲಿ ಚಹಾ ಕೊಡುವ ಮಾವಶಿಯ ಮುಖ ನೋಡಿ.

ಕಲಿಸುವವರು ಉಡುಪಿ ಕಡೆಯ ಸಿಸ್ಟರ್, ವರ್ಷಗಟ್ಟಲೆ ವಾರ್ಡಿನಲ್ಲಿ ದುಡಿದವರು. ಪುಸ್ತಕ ತೆಗೆಸುವುದೇ ಕಡಿಮೆ. ಏಳಲಾಗದ ರೋಗಿ ಮಲಗಿರುವಾಗಲೇ ಚಾದರ ಬದಲಿಸುವುದನ್ನು ನಮ್ಮಲ್ಲೇ ಒಬ್ಬರನ್ನು ಮಲಗಿಸಿ ಕಲಿಸಿದರು. ಆಚೆ ಬದಿಯ ರೇಲಿಂಗ್ ಮೇಲೆತ್ತಿ, ರೋಗಿಯನ್ನು ಆ ಕಡೆ ಹೊರಳಿಸಿ, ಹಳೆ ಚಾದರವನ್ನು ಬೆನ್ನಿನವರೆಗೆ ಸುತ್ತಿ, ಹೊಸದನ್ನು ಅರ್ಧ ಹಾಸಿ, ಮತ್ತೆ ಈ ಕಡೆ ಹೊರಳಿಸಿ ಆ ಬದಿಯಿಂದ ಎಳೆಯುವುದು. ಮುಗಿದ ಮೇಲೆ ಸಿಸ್ಟರ್ ಅಂಗೈಯಿಂದ ಸವರಿ ನೋಡುತ್ತಾರೆ. ಒಂದು ಸುಕ್ಕು ಸಿಕ್ಕರೂ ಮತ್ತೆ ಮೊದಲಿಂದ. "ನಿನಗೆ ಅದು ಸುಕ್ಕು, ಮಲಗಿದವರಿಗೆ ಹುಣ್ಣು ಮಾರಾಯ್ತಿ" ಅನ್ನುತ್ತಾರೆ.

ಆಸ್ಪತ್ರೆಯ ಕಸದಲ್ಲಿ ಸೂಜಿ ಬಿಳಿ ಡಬ್ಬಿಗೆ, ಗಾಜಿನ ಬಾಟಲಿ ನೀಲಿಗೆ, ಗ್ಲೌಸ್, ಸಲೈನ್ ಪೈಪು ಕೆಂಪಿಗೆ, ರಕ್ತದ ಹತ್ತಿ ಹಳದಿಗೆ. ಇದೆಲ್ಲ ಈಗ ನಿದ್ದೆಯಲ್ಲಿ ಕೇಳಿದರೂ ಬರುತ್ತದೆ. ಅರ್ಧ ಅಂಕ ಕಡಿದದ್ದು ಸಿಪಿಆರ್ (ಹೃದಯ ನಿಂತವರ ಎದೆ ಒತ್ತಿ ಉಸಿರು ಕೊಡುವುದು) ಕಲಿಯುವ ಬೊಂಬೆಗೆ. ಇಡೀ ಬ್ಯಾಚಿಗೆ ಒಂದೇ ಬೊಂಬೆ, ಅದರ ಸ್ಪ್ರಿಂಗ್ ಸತ್ತಿದೆ. ದೊಡ್ಡವರಿಗಾದರೆ ಎದೆ 5ರಿಂದ 6 ಸೆಂಟಿಮೀಟರ್ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲದ ವೇಗದಲ್ಲಿ, 30 ಸಲ ಒತ್ತಿ 2 ಉಸಿರು. ಒತ್ತಿದ ಎದೆ ಮೇಲೇಳದಿದ್ದರೆ ಅಂದಾಜು ಸಿಗುವುದು ಹೇಗೆ?

ಇನ್ನು ಆಫೀಸು. ಈ ಕೋರ್ಸಿನ ಕೊನೆ ಪರೀಕ್ಷೆಯನ್ನು ನಮ್ಮ ಸಿಸ್ಟರ್ ಮಾಡುವಂತಿಲ್ಲ. ಹೊರಗಿನ ಅಸೆಸರ್ (ಪರೀಕ್ಷಕರು) ಬಂದು ಥಿಯರಿ, ಪ್ರಾಕ್ಟಿಕಲ್, ವೈವಾ (ಬಾಯಿಮಾತಿನ ಪರೀಕ್ಷೆ) ಎಲ್ಲ ನೋಡಬೇಕು. ಒಳ್ಳೆಯ ನಿಯಮವೇ. ಆದರೆ ಅದಕ್ಕೆ ಓಡಾಡಬೇಕಾದದ್ದು ಸೆಂಟರಿನವರು. ಕ್ಲಾಸು ಮುಗಿಯಿತು, ವಾರ್ಡ್ ಡ್ಯೂಟಿ ಮುಗಿಯಿತು, ತಾರೀಖಿನ ಸುದ್ದಿಯೇ ಇಲ್ಲ. ಅಡ್ಮಿಶನ್ ಹೊತ್ತಿನಲ್ಲಿ ಬೆಳಿಗ್ಗೆ ಸಂಜೆ ಫೋನ್ ಮಾಡುತ್ತಿದ್ದವರು ಈಗ ಎತ್ತುವುದೇ ಇಲ್ಲ. ಎತ್ತಿದರೆ "ಹೋ ಜಾಯೇಗಾ". ಮುಂದಿನ ಬ್ಯಾಚನ್ನೂ ಸೇರಿಸಿ ಒಟ್ಟಿಗೆ ಮಾಡಿಸುತ್ತಾರಂತೆ. ಇತ್ತ ಠಾಣೆಯ ಒಂದು ಆಸ್ಪತ್ರೆಯಲ್ಲಿ ಕೆಲಸ ಕೇಳಿದರೆ ಸರ್ಟಿಫಿಕೇಟ್ ತಗೊಂಡು ಬಾ ಅಂದರು. ಕಲಬುರಗಿಯಿಂದ ಅವ್ವ ಫೋನ್ ಮಾಡಿದಾಗಲೆಲ್ಲ "ಪಾಸಾದೇನವಾ?" ಅಂತ ಕೇಳುತ್ತಾಳೆ. ಪರೀಕ್ಷೆಯೇ ಆಗಿಲ್ಲ ಅಂದರೆ ನಂಬುವುದಿಲ್ಲ, ಫೇಲಾಗಿ ಮುಚ್ಚಿಡುತ್ತಿದ್ದೇನೆ ಅಂತ ಅವಳ ಗುಮಾನಿ.

ಕಾಯುತ್ತಾ ಕೂತರೆ ಕಲಿತದ್ದು ಜಾರುತ್ತದೆ, ನನಗೆ ಅದೇ ಜಾಸ್ತಿ ಭಯ. ಕೈಗೆ ಗೊತ್ತಿದೆ, ಬಾಯಿಗೂ ಬರಬೇಕಲ್ಲ, ಅದೂ ಹಿಂದಿಯಲ್ಲಿ. ಮೂತ್ರದ ಚೀಲವನ್ನು ಯಾಕೆ ರೋಗಿಯ ಸೊಂಟಕ್ಕಿಂತ ಕೆಳಗೇ ತೂಗುಹಾಕಬೇಕು ಅಂತ ಕೇಳಿದರೆ ಕನ್ನಡದಲ್ಲಿ ಥಟ್ಟನೆ ಹೇಳುತ್ತೇನೆ: ಮೇಲಿಟ್ಟರೆ ಮೂತ್ರ ವಾಪಸ್ ಹರಿದು ಸೋಂಕಾಗಬಹುದು. ಹಿಂದಿಯಲ್ಲಿ ಹೇಳಹೊರಟರೆ ಬೆವರು ಕಿತ್ತುಬರುತ್ತದೆ. ಹಾಗಾಗಿ ಲೋಕಲ್‌ನಲ್ಲಿ ನಿಂತು ಬಾಯೊಳಗೇ ಹೇಳಿಕೊಳ್ಳುತ್ತೇನೆ, ಪಕ್ಕದವರು ಜಪ ಅಂದುಕೊಳ್ಳುತ್ತಾರೋ ಏನೋ.

ಸೇರುವುದಾದರೆ ಸೇರಿ, ಸಿಸ್ಟರ್ ಹತ್ತಿರ ಕಲಿತದ್ದು ಸುಮ್ನೆ ಹೋಗುವುದಿಲ್ಲ. ಆದರೆ ಫೀಸಿನ ಕೊನೆ ಕಂತನ್ನು ಅಸೆಸ್‌ಮೆಂಟ್ ತಾರೀಖು ಬರೆದುಕೊಟ್ಟ ಮೇಲೆಯೇ ಕಟ್ಟಿ. ಮತ್ತೆ, ಈ ಕಡೆ ವೈವಾ ಮುಗಿಸಿದ ಕನ್ನಡದವರು ಯಾರಾದರೂ ಇದ್ದರೆ, ಅಸೆಸರ್ ಹಿಂದಿ ತಡವರಿಸಿದ್ದಕ್ಕೂ ಅಂಕ ಕಡಿಯುತ್ತಾರಾ ಅಂತ ದಯವಿಟ್ಟು ಹೇಳಿ.