ಸ್ಕ್ರಾಂಟನ್‌ನ ಸ್ಟೀಮ್‌ಟೌನ್: ಡೀಸೆಲ್ ಎಂಜಿನ್ ಪ್ರೀತಿ ಇರೋರು ತಪ್ಪದೇ ಹೋಗಿ

ನ್ಯೂಜೆರ್ಸಿಲಿರೋ ನಾವೆಲ್ಲ ಊರಿಂದ ಅಪ್ಪ ಅಮ್ಮ ಬಂದ್ರೆ ನಯಾಗರಾ, ನ್ಯೂಯಾರ್ಕು, ಬ್ರಿಡ್ಜ್‌ವಾಟರ್ ದೇವಸ್ಥಾನ ಅಂತ ಅದೇ ಸುತ್ತು ಹಾಕಿಸ್ತೀವಿ. ನಮ್ಮಪ್ಪ ಕೃಷ್ಣರಾಜಪುರದ ಡೀಸೆಲ್ ಶೆಡ್ಡಲ್ಲಿ ಫಿಟ್ಟರ್ ಆಗಿ ರಿಟೈರ್ ಆದೋರು, ಈ ಸಲ ಬಂದಾಗ ಎರಡು ವಾರ ಕಳೆಯೋದ್ರೊಳಗೆ ಮನೇಲಿ ಕೂತು ಕೂತು ಮಂಕಾಗ್ಬಿಟ್ರು, ಅದಕ್ಕೇ ಒಂದು ಶನಿವಾರ ಚಿತ್ರಾನ್ನ ಕಟ್ಕೊಂಡು ಪೆನ್ಸಿಲ್ವೇನಿಯಾದ ಸ್ಕ್ರಾಂಟನ್‌ಗೆ, ಅಲ್ಲಿರೋ ಸ್ಟೀಮ್‌ಟೌನ್ ಅನ್ನೋ ರೈಲು ಮ್ಯೂಸಿಯಂ ನೋಡೋಕೆ ಹೊರಟ್ವಿ, ಕಾರಲ್ಲಿ ಎರಡು ಗಂಟೆ ದಾರಿ ಅಷ್ಟೆ.

ಸ್ಕ್ರಾಂಟನ್ ಅಂದ್ರೆ ಕಲ್ಲಿದ್ದಲಿನ ಊರು. ಆಂತ್ರಸೈಟ್ ಅನ್ನೋ ಗಟ್ಟಿ ಕಲ್ಲಿದ್ದಲು ಸಾಗಿಸೋಕೆ ಬೆಳೆದಿದ್ದೇ ಲ್ಯಾಕವಾನಾ ರೈಲ್ವೆ. ಆ ಕಲ್ಲಿದ್ದಲಿಗೆ ಹೊಗೆ ಕಮ್ಮಿ, ಹಾಗಾಗಿ ಫೀಬಿ ಸ್ನೋ ಅಂತ ಒಬ್ಬ ಹೆಣ್ಮಗಳಿಗೆ ಬಿಳೀ ಬಟ್ಟೆ ಹಾಕಿಸಿ ನಮ್ಮ ರೈಲಲ್ಲಿ ಬಂದ್ರೆ ಮಸಿ ಹತ್ತಲ್ಲ ಅಂತ ಜಾಹೀರಾತು ಕೊಡ್ತಿದ್ರು. ಡೋವರ್, ಮಾರಿಸ್‌ಟೌನ್ ಕಡೆಯಿಂದ ಹೊಬೋಕನ್‌ಗೆ ದಿನಾ ಟ್ರೈನಲ್ಲಿ ಹೋಗೋರೇ, ನೀವು ಹೋಗ್ತಿರೋದು ಇದೇ ಲ್ಯಾಕವಾನಾದ ಹಳೇ ಲೈನಲ್ಲಿ! 1960ರಲ್ಲಿ ಈರಿ ರೈಲ್ವೆ ಜೊತೆ ಸೇರ್ಕೊಂಡು, 1976ರಲ್ಲಿ ಕಾನ್‌ರೇಲ್ ಅನ್ನೋ ದೊಡ್ಡ ರೈಲ್ವೆ ಕಂಪನಿಯೊಳಗೆ ಸೇರ್ಹೋಯ್ತು. ಹಳೇ ಯಾರ್ಡು, ರೌಂಡ್‌ಹೌಸ್ ಅನ್ನೋ ದುಂಡನೆ ಎಂಜಿನ್ ಶೆಡ್ಡು, ಎಂಜಿನ್ ತಿರುಗಿಸೋ ಟರ್ನ್‌ಟೇಬಲ್ ಇರೋ ಜಾಗಾನೇ ಈಗ ನ್ಯಾಷನಲ್ ಪಾರ್ಕ್ ಸರ್ವಿಸ್‌ನೋರು ನೋಡ್ಕೊಳ್ತಿರೋ ಸ್ಟೀಮ್‌ಟೌನ್.

ಹೊರಗಡೇನೇ 1941ರ ಬಿಗ್ ಬಾಯ್ 4012 ಅನ್ನೋ ಸ್ಟೀಮ್ ಎಂಜಿನ್ ನಿಂತಿದೆ, ಎಲ್ರೂ ಮೊದ್ಲು ಅದರ ಮುಂದೆ ಫೋಟೋಗೆ ನಿಲ್ತಾರೆ, ನಿಲ್ಲಲೇಬೇಕು, ಕತ್ತೆತ್ತಿ ನೋಡೋಷ್ಟು ದೊಡ್ಡದು. ಅಪ್ಪ ಚಕ್ರ ನೋಡ್ತಾ ನೋಡ್ತಾ ಇದನ್ನ ಮಾಡಿದ್ಯಾರು ಅಂತ ಕೇಳಿದ್ರು. ಆಲ್ಕೋ ಅಂದೆ. ಸುಮ್ಮನೆ ನಿಂತ್ಬಿಟ್ರು. ಅವರು ಜೀವಮಾನ ಪೂರ್ತಿ ಸ್ಪ್ಯಾನರ್ ಹಿಡಿದು ಬಿಚ್ಚಿ ಜೋಡಿಸಿದ ಡಬ್ಲ್ಯೂಡಿಎಂ-2 ಡೀಸೆಲ್ ರೈಲು ಎಂಜಿನ್ ಇದೆಯಲ್ಲ, ಅದೂ ಇದೇ ಕಂಪನಿ ಡಿಸೈನು. 1962ರಲ್ಲಿ ಅಮೆರಿಕಾದಿಂದ ನಮ್ಮ ದೇಶಕ್ಕೆ ಬಂತು, 1964ರಿಂದ ವಾರಾಣಸಿಲೇ ಮಾಡೋಕೆ ಶುರು ಮಾಡಿದ್ರು. ಆಲ್ಕೋ ಕಂಪನಿ 1969ರಲ್ಲೇ ರೈಲು ಎಂಜಿನ್ ಮಾಡೋದು ನಿಲ್ಲಿಸ್ತು, ನಮ್ಮೋರು ಮಾತ್ರ ಅದರೊಳಗಿನ 251 ಅನ್ನೋ ಡೀಸೆಲ್ ಮೋಟರನ್ನೇ ಇಟ್ಕೊಂಡು ಎಷ್ಟೋ ದಶಕ ಗಾಡಿ ಓಡಿಸಿದ್ರು.

ಯಾರ್ಡೊಳಗೇ ಸುತ್ತಿಸೋ ಸಣ್ಣ ರೈಡ್ ಇದೆ, ನಮ್ಮ ಗಾಡಿಗೆ ಹಾಕಿದ್ದು ನಿಕಲ್ ಪ್ಲೇಟ್ 514, 1958ರ ಜಿಪಿ-9 ಅನ್ನೋ ಡೀಸೆಲ್ ಎಂಜಿನ್, 1750 ಹೆಚ್‌ಪಿ. ಅಷ್ಟು ವಯಸ್ಸಾದ್ರೂ ಒಂದು ಜರ್ಕ್ ಇಲ್ದೆ ಹೊರಡ್ತು, ನನಗಂತೂ ಖುಷಿಯಾಯ್ತು. ಅಪ್ಪ ಕಿವಿ ಕೊಟ್ಟು ಕೇಳಿ "ಇದು ಟೂ ಸ್ಟ್ರೋಕು, ನಮ್ದಲ್ಲ" ಅಂದ್ಬಿಟ್ರು. ಸರಿಯಾಗೇ ಹೇಳಿದ್ರು, ಅದು ಇಎಂಡಿ ಅನ್ನೋ ಬೇರೆ ಕಂಪನಿ ಎಂಜಿನ್ನು, ಆಲ್ಕೋದು ಫೋರ್ ಸ್ಟ್ರೋಕು.

ಆದ್ರೆ ಆ ದಿನ ನಮಗೆ ದಕ್ಕಿದ್ದು ಬೇರೇನೇ. ಈ ಭಾಗದಲ್ಲಿ ಗೂಡ್ಸ್ ಓಡಿಸೋದು ಡೆಲವೇರ್-ಲ್ಯಾಕವಾನಾ ಅನ್ನೋ ಸಣ್ಣ ಕಂಪನಿ, ಅವರು ಇವತ್ತಿಗೂ ಹಳೇ ಆಲ್ಕೋಗಳನ್ನೇ ದುಡಿಸ್ತಾರೆ, ಶೋಕಿಗಲ್ಲ, ದಿನದ ಕೆಲಸಕ್ಕೆ. ನಾವು ಬೆಂಚ್ ಮೇಲೆ ಚಿತ್ರಾನ್ನ ತಿಂತಾ ಕೂತಿದ್ವಿ, ಪಕ್ಕದ ಲೈನಲ್ಲಿ ಅವರ ಆಲ್ಕೋ ಸಿ-425 ಒಂದು ಗುಡು ಗುಡು ಅಂತ ಬಂದು ನಿಂತ್ಕೊಳ್ತು. ಅದರೊಳಗೂ ಅದೇ 251 ಮೋಟರು, 16 ಸಿಲಿಂಡರು, 2500 ಹೆಚ್‌ಪಿ, ನಮ್ಮ ಡಬ್ಲ್ಯೂಡಿಎಂ-2ಗಿಂತ ಬರೀ 100 ಕಮ್ಮಿ. ಅಪ್ಪ ಬಾಯಿಗಿಟ್ಟ ತುತ್ತು ಅಗಿಯೋದೇ ನಿಲ್ಲಿಸಿ ನನ್ನ ತೋಳು ಹಿಡ್ಕೊಂಡ್ರು. "ಕೇಳು ಕಣೋ... ನಾಚ್ ಎತ್ತಿದ. ಈಗ ಹೊಗೆ ಬರುತ್ತೆ ನೋಡು." ಒಂದು, ಎರಡು ಸೆಕೆಂಡ್, ದಟ್ಟ ಕರೀ ಹೊಗೆ ಮೇಲಕ್ಕೆ ಎದ್ದೇಬಿಡ್ತು. ಆಮೇಲೆ ವಿವರಿಸಿದ್ರು, ನಾಚ್ ಅಂದ್ರೆ ಎಂಜಿನ್ ಜೋರು ಏರಿಸೋ ಹಿಡಿಯ ಒಂದೊಂದು ಮೆಟ್ಟಿಲು, ಅದನ್ನ ಎತ್ತಿದ ತಕ್ಷಣ ಡೀಸೆಲ್ ಜಾಸ್ತಿ ಹೋಗುತ್ತೆ, ಗಾಳಿ ಒತ್ತಿ ತುಂಬೋ ಟರ್ಬೋ ಸ್ಪೀಡ್ ಹಿಡಿಯೋಕೆ ಟೈಮ್ ಬೇಕು, ಅಲ್ಲೀವರೆಗೂ ಗಾಳಿ ಸಾಲ್ದೆ ಪೂರ್ತಿ ಉರಿಯಲ್ಲ, ಟರ್ಬೋ ಸಿಳ್ಳೆ ಏರ್ತಿದ್ದ ಹಾಗೆ ಹೊಗೆ ತಿಳಿಯಾಗುತ್ತೆ. ಹಾಗೇ ಆಯ್ತು. ಅವರ ಕಣ್ಣಲ್ಲಿ ನೀರಿತ್ತು, ನಾನೂ ಮಾತಾಡ್ಲಿಲ್ಲ.

ಆ ಸದ್ದನ್ನ ಫೋನಲ್ಲಿ ರೆಕಾರ್ಡ್ ಮಾಡಿ ಹಳೇ ಶೆಡ್ ಗೆಳೆಯರಿಗೆ ಕಳ್ಸಿದ್ರು, ಬೆಂಗಳೂರಲ್ಲಿ ಆಗ ನಡುರಾತ್ರಿ, ಆದ್ರೂ ಒಬ್ರು ಎದ್ದಿದ್ದು "ಯಾವ ಶೆಡ್ಡಿಂದಪ್ಪಾ ಇದು?" ಅಂತ ಕೇಳಿದ್ರು.

ಹೋಗೋರಿಗೆ ಒಂದೆರಡು ಮಾತು. ರೈಡ್‌ಗಳು ಸೀಸನ್ ಪ್ರಕಾರ ಬದಲಾಗ್ತವೆ, ಮೊದ್ಲೇ ನೋಡ್ಕೊಂಡು ಹೊರಡಿ. ಜಲ್ಲಿ, ಹಳಿ ಮಧ್ಯೆ ಓಡಾಡ್ಬೇಕು, ವಯಸ್ಸಾದೋರಿಗೆ ಒಳ್ಳೇ ಶೂ ಹಾಕ್ಸಿ. ಲ್ಯಾಕವಾನಾ ಬಣ್ಣದ ಎಫ್-3 ಡೀಸೆಲ್ ಎಂಜಿನ್ ಎಲ್ಲಿದೆ ಅಂತ ರೇಂಜರ್‌ನ ಕೇಳಿ ನೋಡಿ, ಮೂತಿ ತುಂಬಾ ಚೆನ್ನಾಗಿದೆ. ಟೈಮ್ ಇದ್ರೆ ವಾಪಸ್ ಬರೋ ಮುಂಚೆ ಉತ್ತರಕ್ಕೆ ನಿಕಲ್ಸನ್‌ವರೆಗೂ ಹೋಗ್ಬನ್ನಿ, 1915ರ ಕಾಂಕ್ರೀಟ್ ಸೇತುವೆ, 240 ಅಡಿ ಎತ್ತರ, ಅದರ ಮೇಲೆ ಇವತ್ತಿಗೂ ಗೂಡ್ಸ್ ಓಡುತ್ತೆ. ನಮಗೆ ಕತ್ತಲಾಗಿತ್ತು, ಅದು ಮುಂದಿನ ಸಲಕ್ಕೆ.