ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠ: ದಾವಣಗೆರೆ, ದುರ್ಗದವರಿಗೆ ಎಷ್ಟು ಅನುಕೂಲ?

ಮಂಡಕ್ಕಿ ಭಟ್ಟಿಯ ಹೊಗೆ, ಕೆರೆಗೆ ಬಿಟ್ಟ ಚರಂಡಿ ನೀರು, ಭೀಮಸಮುದ್ರದ ಅಡಿಕೆ ತೋಟದ ಮೇಲೆ ಕೂರುವ ಅದಿರಿನ ಧೂಳು: ಇಂಥ ದೂರಿಗೆ, ಪರಿಸರದ ತಕರಾರು ಕೇಳುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ (ಎನ್‌ಜಿಟಿ) ಚೆನ್ನೈ ಪೀಠಕ್ಕಿಂತ ಒಳ್ಳೆಯ ಜಾಗ ಸದ್ಯ ಇಲ್ಲ. ಶುಲ್ಕ 1,000 ರೂಪಾಯಿ. ಪರಿಹಾರ ಕೇಳಿದರೆ ಆ ಮೊತ್ತದ ಶೇ 1. ಅರ್ಜಿ ಆನ್‌ಲೈನ್‌ನಲ್ಲೇ ಹಾಕಬಹುದು, ವಕೀಲರಿಲ್ಲದೆ ನೀವೇ ವಾದಿಸಬಹುದು. ಚಳ್ಳಕೆರೆಯ ಅಮೃತಮಹಲ್ ಕಾವಲಿನ (ಹುಲ್ಲುಗಾವಲಿನ) ಪ್ರಕರಣ ಹೋಗಿದ್ದೂ ಈ ಪೀಠಕ್ಕೇ. ಆದರೆ ಕನ್ನಡದ ದಾಖಲೆಗೆಲ್ಲ ಇಂಗ್ಲಿಷ್ ಅನುವಾದ ಜೋಡಿಸಬೇಕು. ಮೊಳಕಾಲ್ಮುರಿನ ರೈತನಿಗೆ ಇದು ಶುಲ್ಕಕ್ಕಿಂತ ದೊಡ್ಡ ಹೊರೆ, ಅನ್ಯಾಯ ಕೂಡ.

ಅರ್ಜಿ ಮುಗ್ಗರಿಸುವುದು ಕಾಲಮಿತಿಯಲ್ಲಿ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯ 14ನೇ ಸೆಕ್ಷನ್‌ನಡಿ, ತಕರಾರಿನ ಕಾರಣ ಮೊದಲು ಹುಟ್ಟಿದ ದಿನದಿಂದ ಆರು ತಿಂಗಳೊಳಗೆ ಹೋಗಬೇಕು. ತಕ್ಕ ಕಾರಣವಿದ್ದರೆ ಇನ್ನು 60 ದಿನ, ಅಷ್ಟೆ. ಹಳೆಯ ಹಾನಿಗೆ ಪರಿಹಾರ, ಕೆಟ್ಟ ನೆಲ-ನೀರಿನ ಪುನಶ್ಚೇತನ ಬೇಕಿದ್ದರೆ 15ನೇ ಸೆಕ್ಷನ್ ಹಿಡಿಯಿರಿ, ಅಲ್ಲಿ ಐದು ವರ್ಷ ಸಿಗುತ್ತದೆ. ಗಣಿಗೆ ಕೊಟ್ಟ ಪರಿಸರ ಅನುಮತಿ ಪ್ರಶ್ನಿಸಲು ಮಾತ್ರ 30 ದಿನ, ಮೇಲೆ ಹೆಚ್ಚೆಂದರೆ 60.

ಸಾಕ್ಷ್ಯದಲ್ಲೂ ಎಡವುತ್ತಾರೆ. ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ಮಾಲಿನ್ಯ ನಿಯಂತ್ರಣ ಮಂಡಳಿಯವರು ತ್ಯಾಜ್ಯನೀರಿನ ಮಾದರಿ ತೆಗೆಯುವಾಗ ಕಾರ್ಖಾನೆಯವರಿಗೆ ಅಲ್ಲೇ ನೋಟಿಸ್ ಕೊಟ್ಟು, ಅವರೆದುರೇ ಎರಡು ಪಾಲು ಮಾಡಿ, ಸೀಲು ಹಾಕಿ, ಇಬ್ಬರೂ ಸಹಿ ಮಾಡಬೇಕು. ಈ ಕ್ರಮ ತಪ್ಪಿದರೆ ವರದಿ ಎಷ್ಟೇ ಗಂಭೀರವಾಗಿದ್ದರೂ ಸಾಕ್ಷ್ಯವಾಗಿ ನಿಲ್ಲದು. ವರದಿ ಕೈಗೆ ಬಂದೊಡನೆ ಮೊದಲು ಇದನ್ನೇ ನೋಡಿ.

ವನ್ಯಜೀವಿ ಕಾಯ್ದೆ ಈ ಪೀಠದ ವ್ಯಾಪ್ತಿಯಲ್ಲಿಲ್ಲ. ಸಂವಿಧಾನಕ್ಕೆ ವಿರುದ್ಧವೆಂದು ಕಾನೂನನ್ನು ರದ್ದುಪಡಿಸುವ ಅಧಿಕಾರವೂ ಇಲ್ಲ; ಅದಕ್ಕೆ 226ನೇ ವಿಧಿಯಡಿ ಬೆಂಗಳೂರಿನ ಹೈಕೋರ್ಟ್‌ಗೇ ಹೋಗಬೇಕು. ಹವಾಮಾನ ಬದಲಾವಣೆಯ ದುಷ್ಪರಿಣಾಮದಿಂದ ಮುಕ್ತವಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೇ ವಿಧಿಗಳಲ್ಲೇ ಇದೆ ಎಂದು ಸುಪ್ರೀಂ ಕೋರ್ಟ್ 2024ರ ಮಾರ್ಚ್ 21ರಂದು, ಅಳಿವಿನಂಚಿನ ಹಕ್ಕಿ ಮತ್ತು ವಿದ್ಯುತ್ ತಂತಿಗಳ ಕುರಿತ ರಂಜಿತ್‌ಸಿಂಹ್ ಪ್ರಕರಣದಲ್ಲಿ ಹೇಳಿತು. ಆದರೆ ಅದೇ ತೀರ್ಪು ಸೌರ, ಪವನ ವಿದ್ಯುತ್ತಿಗೂ ಅಷ್ಟೇ ತೂಕ ಕೊಟ್ಟಿದೆ. ದುರ್ಗದ ಗುಡ್ಡಗಳ ಗಾಳಿಯಂತ್ರದ ವಿರುದ್ಧ ಅದನ್ನು ಹಿಡಿದು ಹೋದರೆ ಎದುರಿನವರೂ ಅದನ್ನೇ ಓದುತ್ತಾರೆ.

ಪೀಠದ ದೊಡ್ಡ ಕೊರತೆ ಜಾರಿಯದು. ಜಂಟಿ ಸಮಿತಿ ನೇಮಕವಾಗುತ್ತದೆ, ವರದಿಗೆ ಕಾಯುವುದರಲ್ಲೇ ತಿಂಗಳುಗಳು ಹೋಗುತ್ತವೆ. ಆದ್ದರಿಂದ ಕೋರಿಕೆಯಲ್ಲಿ ‘ಸೂಕ್ತ ಕ್ರಮಕ್ಕೆ ನಿರ್ದೇಶಿಸಿ’ ಎಂದಷ್ಟೇ ಬರೆದು ಬಿಡಬೇಡಿ. ಯಾವ ಅಧಿಕಾರಿ, ಯಾವ ಕೆಲಸ, ಯಾವ ತಾರೀಖಿನೊಳಗೆ ಎಂದು ಬಿಡಿಸಿ ಕೇಳಿ. ಆದೇಶ ಪಾಲಿಸದಿದ್ದಾಗ ನ್ಯಾಯಮಂಡಳಿ ಕಾಯ್ದೆಯ 25ನೇ ಸೆಕ್ಷನ್‌ನಡಿ ಜಾರಿ ಅರ್ಜಿ ಹಾಕಲು ಆ ತಾರೀಖೇ ಆಧಾರ.